ಬೇಡದ ಆಟಿಕೆಗಳಿಗೆ ಬಂದ ಜಾರುಬಂಡಿ

1964ರ ಡಿಸೆಂಬರ್ 6, ಭಾನುವಾರ ಸಂಜೆ, ನ್ಯೂಯಾರ್ಕಿನ ಎನ್‌ಬಿಸಿ ಟೆಲಿವಿಷನ್ ಜಾಲ ‘ರುಡಾಲ್ಫ್ ದ ರೆಡ್-ನೋಸ್ಡ್ ರೇನ್‌ಡಿಯರ್’ ಎಂಬ ಗೊಂಬೆ ಚಿತ್ರವನ್ನು ಅಮೆರಿಕದಾದ್ಯಂತ ಬಿತ್ತರಿಸಿತು. ಜಾಹೀರಾತೂ ಸೇರಿ ಒಂದು ಗಂಟೆಯ ಕಾರ್ಯಕ್ರಮ. ಪ್ರಾಯೋಜಕರು ಜನರಲ್ ಎಲೆಕ್ಟ್ರಿಕ್ ಕಂಪನಿಯವರು. ನೋಡಿದವರು ಮೆಚ್ಚಿದರು. ಮೆಚ್ಚಿದವರೇ ತಕರಾರನ್ನೂ ಬರೆದು ಕಳಿಸಿದರು. ಆ ಕಾಗದಗಳ ಕಾರಣದಿಂದ ಮರುವರ್ಷ ಚಿತ್ರದ ಕೊನೆಯೇ ಬದಲಾಯಿತು. ಕ್ರಿಸ್‌ಮಸ್ ಹೊತ್ತಿನ ಅನಿಮೇಷನ್ ಚಿತ್ರಗಳ ಇತಿಹಾಸದಲ್ಲಿ ಪಾತ್ರಗಳ ಪರವಾಗಿ ಪ್ರೇಕ್ಷಕರು ಎತ್ತಿದ ದನಿ ಇಷ್ಟು ಸ್ಪಷ್ಟವಾಗಿ ಫಲ ಕೊಟ್ಟ ಪ್ರಸಂಗ ಅಪರೂಪ.

ಅಮೆರಿಕದ ಕ್ರಿಸ್‌ಮಸ್‌ನ ಪಾತ್ರವರ್ಗ ಬಹುಮಟ್ಟಿಗೆ ನ್ಯೂಯಾರ್ಕ್–ನ್ಯೂಜೆರ್ಸಿ ಸೀಮೆಯಲ್ಲೇ ರೂಪುಗೊಂಡದ್ದು. ಸಾಂಟಾನ ಗಾಡಿ ಎಳೆಯುವ ಎಂಟು ಹಿಮಸಾರಂಗಗಳಿಗೆ ಹೆಸರಿಟ್ಟ ಕವಿತೆ 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾಯಿತು. ಮ್ಯಾನ್‌ಹಟನ್ನಿನ ಚೆಲ್ಸಿಯಲ್ಲಿದ್ದ ಕ್ಲೆಮೆಂಟ್ ಕ್ಲಾರ್ಕ್ ಮೂರ್ ಬರೆದದ್ದೆಂದು ಆಮೇಲೆ ಪ್ರಸಿದ್ಧವಾಯಿತು. ಸಾಂಟಾನ ಡೊಳ್ಳುಹೊಟ್ಟೆ, ಗಡ್ಡಗಳನ್ನು ಜನರ ಕಣ್ಣಲ್ಲಿ ನಿಲ್ಲಿಸಿದವನು ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್. 1863ರಿಂದ ‘ಹಾರ್ಪರ್ಸ್ ವೀಕ್ಲಿ’ಗೆ ಸಾಂಟಾನ ಚಿತ್ರ ಬರೆಯುತ್ತ ಬಂದ ಆತ 1870ರ ದಶಕದಲ್ಲಿ ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಮನೆ ಮಾಡಿದ. ಹಬ್ಬದ ಪಾತ್ರದ ಬಗ್ಗೆ ಕಾಗದ ಬರೆದು ವಿಚಾರಿಸುವ ರೂಢಿಯೂ ಇಲ್ಲಿ ಹಳೆಯದು. 1897ರಲ್ಲಿ ವರ್ಜೀನಿಯಾ ಎಂಬ ಎಂಟು ವರ್ಷದ ಹುಡುಗಿ ಸಾಂಟಾ ನಿಜವಾಗಿ ಇದ್ದಾನೆಯೇ ಎಂದು ‘ದ ಸನ್’ ಪತ್ರಿಕೆಯನ್ನು ಕೇಳಿದಳು. ಸೆಪ್ಟೆಂಬರ್ 21ರ ಸಂಚಿಕೆಯಲ್ಲಿ ಫ್ರಾನ್ಸಿಸ್ ಚರ್ಚ್ ಸಹಿ ಹಾಕದೆ ಬರೆದ ಉತ್ತರ ಸಂಪಾದಕೀಯವಾಗಿಯೇ ಬಂತು.

ಹೊಳೆಯುವ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್ ಈ ಬಳಗಕ್ಕೆ ತಡವಾಗಿ ಸೇರಿದವನು. ನ್ಯೂಯಾರ್ಕ್ ಸೀಮೆಯಲ್ಲಿ ಬೆಳೆದ ರಾಬರ್ಟ್ ಮೇ, ಷಿಕಾಗೋದ ಮಾಂಟ್ಗೊಮೆರಿ ವಾರ್ಡ್ ಅಂಗಡಿಯ ಜಾಹೀರಾತು ವಿಭಾಗದಲ್ಲಿದ್ದಾಗ, 1939ರಲ್ಲಿ ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲೆಂದು ಈ ಪದ್ಯಕಥೆ ಬರೆದ. ಮೊದಲ ವರ್ಷವೇ ಸುಮಾರು 24 ಲಕ್ಷ ಪ್ರತಿ ಹಂಚಿಹೋಯಿತು. ಮೇಯ ಭಾವ, ಮೌಂಟ್ ವರ್ನನ್ ಊರಿನ ಜಾನಿ ಮಾರ್ಕ್ಸ್, ಕಥೆಯನ್ನು ಹಾಡಾಗಿಸಿದ. 1949ರಲ್ಲಿ ಜೀನ್ ಆಟ್ರಿ ಹಾಡಿದ ಮೇಲೆ ಅದನ್ನು ತಡೆಯುವವರಿರಲಿಲ್ಲ.

ಹಾಡನ್ನು ಟೆಲಿವಿಷನ್ನಿಗೆ ತಂದವರು ನ್ಯೂಯಾರ್ಕಿನ ವೀಡಿಯೋಕ್ರಾಫ್ಟ್ ಇಂಟರ್‌ನ್ಯಾಷನಲ್ ಕಂಪನಿಯ ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬಾಸ್. ಇವರ ಹೆಸರಿನಲ್ಲೇ ಕಂಪನಿ ಮುಂದೆ ‘ರ‍್ಯಾಂಕಿನ್/ಬಾಸ್’ ಎಂದು ಕರೆಸಿಕೊಂಡಿತು. ರ‍್ಯಾಂಕಿನ್ ಮೊದಲು ಎಬಿಸಿ ಟೆಲಿವಿಷನ್ನಿನ ಕಲಾನಿರ್ದೇಶಕ, ಬಾಸ್ ಜಾಹೀರಾತು ಸಂಸ್ಥೆಯಿಂದ ಬಂದವನು. ಕೆಲಸ ಮೂರು ದೇಶಗಳಿಗೆ ಹಂಚಿತ್ತು: ಕಥೆ, ಹಣ, ವ್ಯವಹಾರ ನ್ಯೂಯಾರ್ಕಿನಲ್ಲಿ, ಪಾತ್ರಗಳ ದನಿ ಬಹುಪಾಲು ಕೆನಡಾದ ಟೊರಾಂಟೋದಲ್ಲಿ, ಗೊಂಬೆ ಆಡಿಸಿ ಚಿತ್ರ ತೆಗೆಯುವುದು ಟೋಕಿಯೋದಲ್ಲಿ, ತದಾಹಿತೊ ಮೊಚಿನಾಗಾ ಅವರ ಸ್ಟುಡಿಯೋದಲ್ಲಿ. ಗೊಂಬೆಯ ಕೈಕಾಲು, ಕತ್ತು, ರೆಪ್ಪೆಗಳನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ. ತೆರೆಯ ಮೇಲೆ ಒಂದು ಸೆಕೆಂಡ್ ಕಳೆಯಲು ಫಿಲ್ಮಿನ 24 ಚೌಕಗಳು ಬೇಕು. ಕಂಪನಿ ಇದಕ್ಕೆ ‘ಅನಿಮ್ಯಾಜಿಕ್’ ಎಂದು ಹೆಸರಿಟ್ಟಿತ್ತು. ಇಷ್ಟು ಜತನದ ಚಿತ್ರದಲ್ಲಿ ಹಕ್ಕುಸ್ವಾಮ್ಯದ ಇಸವಿ ಮಾತ್ರ ರೋಮನ್ ಅಂಕಿಗಳಲ್ಲಿ ತಪ್ಪಾಗಿ ಅಚ್ಚಾಗಿದೆ. ಅದರ ಪ್ರಕಾರ ಚಿತ್ರ ತಯಾರಾದದ್ದು 1164ರಲ್ಲಿ.

ಚಿತ್ರಕಥೆ ಬರೆದವನು ಬ್ರಾಂಕ್ಸಿನಲ್ಲಿ ಹುಟ್ಟಿದ ರೋಮಿಯೋ ಮುಲ್ಲರ್. ಹಾಡಿನಲ್ಲಿರುವ ಕಥೆ ನಾಲ್ಕು ಮಾತಿಗೆ ಮುಗಿದುಹೋಗುತ್ತದೆ. ಗಂಟೆ ತುಂಬಿಸಲು ಪಾತ್ರಗಳು ಬೇಕಿದ್ದವು. ಆಟಿಕೆ ಮಾಡುವ ಕುಲಕಸುಬು ಬಿಟ್ಟು ಹಲ್ಲಿನ ಡಾಕ್ಟರಾಗಲು ಹಂಬಲಿಸುವ ಕುಳ್ಳ ಹರ್ಮಿ, ಚಿನ್ನ ಬೆಳ್ಳಿ ಹುಡುಕುತ್ತ ಗುದ್ದಲಿಯನ್ನು ನೆಕ್ಕಿ ನೋಡುವ ಯೂಕಾನ್ ಕಾರ್ನೀಲಿಯಸ್, ಹಲ್ಲು ಕೀಳಿಸಿಕೊಂಡ ಮೇಲೆ ಸಾಧುವಾಗುವ ಹಿಮರಾಕ್ಷಸ, ಕಥೆ ಹೇಳುವ ಹಿಮಮಾನವ ಸ್ಯಾಮ್ ಹುಟ್ಟಿದ್ದು ಹೀಗೆ. ಸ್ಯಾಮ್‌ಗೆ ದನಿ ಕೊಟ್ಟವನು ಗಾಯಕ ಬರ್ಲ್ ಐವ್ಸ್.

ಇವರೆಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಕಥೆಯ ನಡುವೆ ಸ್ವಲ್ಪ ಹೊತ್ತು ಬಂದುಹೋಗುವ ಬೇಡದ ಆಟಿಕೆಗಳ ದ್ವೀಪ. ಚೌಕಾಕಾರದ ಗಾಲಿಯ ರೈಲು, ಮೈಮೇಲೆ ಚುಕ್ಕೆಯಿರುವ ಆನೆ, ನೀರಿಗೆ ಬದಲು ಜೆಲ್ಲಿ ಉಗುಳುವ ಪಿಚಕಾರಿ, ಆಸ್ಟ್ರಿಚ್ ಏರಿದ ಕೌಬಾಯ್, ಹಾರಲು ಬಾರದೆ ಈಜುವ ಹಕ್ಕಿ, ಪೆಟ್ಟಿಗೆಯಿಂದ ಪುಟಿದೇಳುವ ಚಾರ್ಲಿ: ಯಾವ ಮಗುವಿಗೂ ಬೇಡವಾದವು. ರೆಕ್ಕೆಯುಳ್ಳ ಸಿಂಹ, ರಾಜ ಮೂನ್‌ರೇಸರ್, ಇವುಗಳನ್ನು ಆಯ್ದು ತಂದು ಸಾಕುತ್ತಾನೆ. ಮನೆಗೆ ಮರಳಿದಾಗ ಸಾಂಟಾನಿಗೆ ಈ ಆಟಿಕೆಗಳ ವಿಷಯ ತಿಳಿಸಿ ಮಕ್ಕಳು ಸಿಗುವಂತೆ ಮಾಡು ಎಂದು, ಮನೆ ಬಿಟ್ಟು ಅಲೆಯುತ್ತ ಅಲ್ಲಿಗೆ ಬಂದ ರುಡಾಲ್ಫ್‌ನನ್ನು ಕೇಳುತ್ತಾನೆ; ರುಡಾಲ್ಫ್ ಒಪ್ಪುತ್ತಾನೆ. ಅಲ್ಲಿಗೆ ಆ ಎಳೆ ಮುಗಿಯಿತು. 1964ರ ಚಿತ್ರದಲ್ಲಿ ರುಡಾಲ್ಫ್ ಮೂಗಿನ ಬೆಳಕಲ್ಲಿ ಗಾಡಿ ಎಳೆದು ಮೆರೆಯುತ್ತಾನೆ, ಹಬ್ಬ ಉಳಿಯುತ್ತದೆ, ದ್ವೀಪಕ್ಕೆ ಮಾತ್ರ ಯಾರೂ ಹೋಗುವುದಿಲ್ಲ. ಕೊನೆಯಲ್ಲಿ ಗಾಡಿಯಿಂದ ಪೊಟ್ಟಣಗಳು ಬೀಳುತ್ತವೆ. ಅವುಗಳ ಮೇಲಿದ್ದದ್ದು ತಂತ್ರಜ್ಞರ, ಕಲಾವಿದರ ಹೆಸರುಗಳು.

ದೊಡ್ಡವರ ಲೆಕ್ಕದಲ್ಲಿ ಇದು ಲೋಪವಲ್ಲ. ನಾಯಕ ಗೆದ್ದ, ಉಪಕಥೆ ಹಿಂದುಳಿಯಿತು, ಅಷ್ಟೆ. ಮಕ್ಕಳು ಚಿತ್ರವನ್ನು ಹಾಗೆ ನೋಡುವುದಿಲ್ಲ. ಕೊಟ್ಟ ಮಾತು ಅವರಿಗೆ ನೆನಪಿರುತ್ತದೆ. ಆಟಿಕೆಗಳು ಏನಾದವು, ಸಾಂಟಾ ಯಾಕೆ ಬರಲಿಲ್ಲ ಎಂದು ಕೇಳುವ ಕಾಗದಗಳು ಬಂದವು. ತಯಾರಕರು ಅವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಬಹುದಿತ್ತು. ಚಿತ್ರ ಆಗಲೇ ಗೆದ್ದಿತ್ತು. ಆದರೆ ಪ್ರತಿ ಡಿಸೆಂಬರಿನಲ್ಲೂ ಮತ್ತೆ ಬಿತ್ತರವಾಗಬೇಕಾದ ಚಿತ್ರವಿದು. ನೋಡುವವರೂ ಅವೇ ಮನೆಗಳವರು. ಅವರ ಮುನಿಸನ್ನು ವರ್ಷದಿಂದ ವರ್ಷಕ್ಕೆ ಸಾಗಿಸಿಕೊಂಡು ಹೋಗುವುದು ವ್ಯಾಪಾರಕ್ಕೂ ಒಳ್ಳೆಯದಲ್ಲ.

1965ರ ಪ್ರಸಾರಕ್ಕೆ ಹೊಸ ದೃಶ್ಯ ಸೇರಿತು. ಕ್ರಿಸ್‌ಮಸ್ ಹಿಂದಿನ ರಾತ್ರಿ ದ್ವೀಪದ ಆಟಿಕೆಗಳು ಆಸೆ ಬಿಟ್ಟು ಬೆಂಕಿಯ ಸುತ್ತ ಕೂತಿರುತ್ತವೆ. ಗಂಟೆಯ ಸದ್ದು ಕೇಳಿಸುತ್ತದೆ, ರುಡಾಲ್ಫ್ ಮುಂದಾಳಾಗಿ ಸಾಂಟಾನ ಜಾರುಬಂಡಿ ಇಳಿಯುತ್ತದೆ. ಮುಕ್ತಾಯದ ಅಕ್ಷರಗಳು ಮೂಡುವಾಗ ಒಂದೊಂದೇ ಆಟಿಕೆಗೆ ಕೊಡೆ ಕೊಟ್ಟು ಮನೆಗಳ ಮೇಲೆ ಇಳಿಬಿಡುತ್ತಾರೆ. ಈಜುವ ಹಕ್ಕಿಯ ಸರದಿ ಬಂದಾಗ, ಹಕ್ಕಿಗೆ ಕೊಡೆ ಯಾಕೆ ಎಂದುಕೊಂಡು, ಹಾಗೆಯೇ ಬಿಟ್ಟುಬಿಡುತ್ತಾರೆ. ಅದಕ್ಕೆ ಹಾರಲು ಬರುವುದಿಲ್ಲವೆಂಬುದು ಗಮನವಿಟ್ಟು ನೋಡಿದವರಿಗೆ ಮಾತ್ರ ಗೊತ್ತು. ತಕರಾರು ಬಗೆಹರಿಸುವ ದೃಶ್ಯದಲ್ಲೇ ಮತ್ತೊಂದು ತಕರಾರಿಗೆ ಬೀಜ ಬಿತ್ತಿದಂತಾಯಿತು.

ಪ್ರಸಾರದ ಅವಧಿ ಬೆಳೆಯುವಂತಿರಲಿಲ್ಲ. ಆಟಿಕೆಗಳಿಗೆ ಜಾಗ ಮಾಡಲು ಯೂಕಾನ್ ಕಾರ್ನೀಲಿಯಸ್ ಕಡೆಗೂ ಪೆಪ್ಪರ್‌ಮಿಂಟ್ ಗಣಿ ಕಂಡುಹಿಡಿಯುವ ದೃಶ್ಯಕ್ಕೆ ಕತ್ತರಿ ಬಿತ್ತು. ಅವನು ಗುದ್ದಲಿ ನೆಕ್ಕುತ್ತಿದ್ದದ್ದು ಚಿನ್ನದ ರುಚಿಗಲ್ಲ, ಪೆಪ್ಪರ್‌ಮಿಂಟಿಗಾಗಿ ಎಂಬ ಗುಟ್ಟು ಅದರೊಂದಿಗೆ ಹೋಯಿತು. ಮುಂದೆ ಮೂರು ದಶಕ ಟೆಲಿವಿಷನ್ನಿನಲ್ಲಿ ಚಿತ್ರ ನೋಡಿದವರಿಗೆ ಅವನು ಕಾರಣವಿಲ್ಲದೆ ಕಬ್ಬಿಣ ನೆಕ್ಕುವ ತಿಕ್ಕಲನಾಗಿ ಉಳಿದ. ಒಂದು ಪಾತ್ರಕ್ಕೆ ಸಿಕ್ಕ ನ್ಯಾಯದ ಬೆಲೆಯನ್ನು ಇನ್ನೊಂದು ಪಾತ್ರ ತೆತ್ತಿತು.

ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು ‘ವನ್ಸ್ ಮೋರ್’ ಎಂದರೆ ಸತ್ತುಬಿದ್ದ ಪಾತ್ರಧಾರಿ ಎದ್ದು ನಿಂತು ಹಾಡುತ್ತಿದ್ದದ್ದುಂಟು. ಟೆಲಿವಿಷನ್ನಿಗೆ ಅಂಥ ಎದುರು ಮುಖವಿಲ್ಲ. ಕೂಗು ಅಂಚೆಯಲ್ಲಿ ಹೋಗಬೇಕು, ಉತ್ತರಕ್ಕೆ ಒಂದು ವರ್ಷ ಕಾಯಬೇಕು. ವರ್ಷಕ್ಕೊಮ್ಮೆ ಮರಳಿ ಬರುವ ಹಬ್ಬದ ಚಿತ್ರಕ್ಕೆ ಮಾತ್ರ ಇದು ಸಾಧ್ಯ.

ಆಟಿಕೆಗಳಲ್ಲಿ ಒಂದರ ವಿಷಯ ಮಾತ್ರ ಬಗೆಹರಿಯದೆ ಉಳಿಯಿತು. ಕೆಂಪು ಕೂದಲಿನ ಹೆಣ್ಣುಗೊಂಬೆಯಲ್ಲಿ ಕಣ್ಣಿಗೆ ಕಾಣುವ ಯಾವ ಊನವೂ ಇಲ್ಲ. ಅವಳು ದ್ವೀಪದಲ್ಲಿ ಯಾಕಿದ್ದಾಳೆ ಎಂದು ತಲೆಮಾರುಗಳು ಚರ್ಚಿಸಿದವು. ಅವಳ ಕೊರತೆ ಮನಸ್ಸಿನದು, ಒಡತಿ ಕೈಬಿಟ್ಟ ನೋವು ಅವಳದು ಎಂದು ರ‍್ಯಾಂಕಿನ್ ಬಹಳ ವರ್ಷಗಳ ಮೇಲೆ ವಿವರಿಸಿದ. ಚಿತ್ರದಲ್ಲಿ ಇದಕ್ಕೆ ಆಧಾರ ಕಡಿಮೆ. ಕೇಳಿದವರಿಗೆ ಕೊಡಲು ಆಮೇಲೆ ಹೊಂದಿಸಿಕೊಂಡ ಉತ್ತರದಂತೆಯೇ ಕಾಣುತ್ತದೆ.

ಅದೇ 1965ರ ಡಿಸೆಂಬರ್ 9ರಂದು ಸಿಬಿಎಸ್ ಜಾಲ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಬಿತ್ತರಿಸಿತು. ಇಲ್ಲಿ ನಡೆದದ್ದು ತಿರುವುಮುರುವು. ತಯಾರಾದದ್ದು ಕ್ಯಾಲಿಫೋರ್ನಿಯಾದಲ್ಲಿ, ಪ್ರಸಾರಕ್ಕೆ ಕೆಲವೇ ದಿನ ಮುಂಚೆ ನ್ಯೂಯಾರ್ಕಿನಲ್ಲಿ ನೋಡಿದ ಜಾಲದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ನಡೆ ನಿಧಾನ, ಸಂಗೀತ ಜಾಝ್, ಮಾತಾಡುವವರು ನಿಜವಾದ ಮಕ್ಕಳು, ಹಿನ್ನೆಲೆಯಲ್ಲಿ ನಗೆಯ ಸದ್ದಿಲ್ಲ, ಜೊತೆಗೆ ಬೈಬಲ್ ವಾಚನ. ಕಾರ್ಯಕ್ರಮಪಟ್ಟಿಯಲ್ಲಿ ಆಗಲೇ ಸೇರಿದ್ದರಿಂದ ಒಮ್ಮೆ ತೋರಿಸಿ ಕೈತೊಳೆದುಕೊಳ್ಳುವುದೆಂದು ಅವರ ಎಣಿಕೆಯಿತ್ತು ಎಂದು ನಿರ್ಮಾಪಕ ಲೀ ಮೆಂಡೆಲ್ಸನ್ ನೆನೆದಿದ್ದಾರೆ. ಆ ರಾತ್ರಿ ಆನ್ ಆಗಿದ್ದ ಟೆಲಿವಿಷನ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಅದನ್ನೇ ತೋರಿಸುತ್ತಿದ್ದವು. ಸೋತು ಸುಣ್ಣವಾಗುವ ಚಾರ್ಲಿ, ಅವನು ಆರಿಸಿ ತಂದ ಬಡಕಲು ಗಿಡ, ಕಂಬಳಿ ಬಿಡದ ಲೈನಸ್ ಮನೆಮಾತಾದರು. ಚಿತ್ರದಲ್ಲಿ ಗೇಲಿಗೆ ಗುರಿಯಾದ ಅಲ್ಯೂಮಿನಿಯಂ ಕ್ರಿಸ್‌ಮಸ್ ಮರಗಳ ಮಾರಾಟ ಕೆಲವೇ ವರ್ಷಗಳಲ್ಲಿ ಕುಸಿಯಿತು; ಅದಕ್ಕೆ ಈ ಚಿತ್ರವೂ ಒಂದು ಕಾರಣವೆಂಬ ಮಾತಿದೆ.

ರ‍್ಯಾಂಕಿನ್ ಮತ್ತು ಬಾಸ್ ಕಾಗದಗಳ ಬಲವನ್ನು ಅರಿತರೆಂದು ತೋರುತ್ತದೆ. 1970ರಲ್ಲಿ ಎಬಿಸಿಯಲ್ಲಿ ಬಂದ ‘ಸಾಂಟಾ ಕ್ಲಾಸ್ ಈಸ್ ಕಮಿನ್ ಟು ಟೌನ್’ ಚಿತ್ರದ ನಿರೂಪಕ ಒಬ್ಬ ಅಂಚೆಯವನು; ಫ್ರೆಡ್ ಅಸ್ಟೇರ್ ದನಿಯ ಆತ ಮಕ್ಕಳು ಸಾಂಟಾನಿಗೆ ಬರೆದ ಪ್ರಶ್ನೆಗಳಿಗೆ ಉತ್ತರವಾಗಿಯೇ ಕಥೆ ಹೇಳುತ್ತಾನೆ.

1974ರ ‘ದ ಇಯರ್ ವಿದೌಟ್ ಎ ಸಾಂಟಾ ಕ್ಲಾಸ್’ ಇನ್ನೂ ವಿಚಿತ್ರವಾದ ಪಾಠ ಕಲಿಸಿತು. ಮೂಲಕೃತಿ ನ್ಯೂಯಾರ್ಕ್ ಬಳಿಯ ಲಾರ್ಚ್‌ಮಾಂಟ್‌ನಲ್ಲಿ ಬಹುಕಾಲ ಬಾಳಿದ ಕವಯಿತ್ರಿ ಫಿಲಿಸ್ ಮೆಗಿನ್ಲಿಯದು. ಅದರಲ್ಲಿ ಇಲ್ಲದ ಇಬ್ಬರು ಅಣ್ಣತಮ್ಮಂದಿರು ಚಿತ್ರದಲ್ಲಿ ಬಂದರು: ಚಳಿಯ ಒಡೆಯ ಸ್ನೋ ಮೈಸರ್, ಸೆಕೆಯ ಒಡೆಯ ಹೀಟ್ ಮೈಸರ್. ಒಬ್ಬೊಬ್ಬರಿಗೆ ಒಂದೊಂದು ಹಾಡು, ಒಂದಿಷ್ಟು ಜಗಳ. ಜನ ಕಥೆಯನ್ನು ಮರೆತು ಇವರನ್ನು ಹಿಡಿದುಕೊಂಡರು. ಸಾಂಟಾನ ಹೆಸರಿನ ಚಿತ್ರ ಮೈಸರ್ ಸೋದರರ ಚಿತ್ರವೆಂದು ಗುರುತಾಯಿತು. 2008ರಲ್ಲಿ ಇವರನ್ನೇ ನಾಯಕರಾಗಿಸಿ ‘ಎ ಮೈಸರ್ ಬ್ರದರ್ಸ್ ಕ್ರಿಸ್‌ಮಸ್’ ತಯಾರಾದಾಗ ಹೀಟ್ ಮೈಸರ್‌ಗೆ 34 ವರ್ಷಗಳ ಬಳಿಕವೂ ದನಿ ಕೊಟ್ಟವರು ಜಾರ್ಜ್ ಎಸ್. ಅರ್ವಿಂಗ್ ಅವರೇ.

ಈ ಸೀಮೆಯ ವೀಕ್ಷಕರ ಹಟ ಪಾತ್ರಗಳಿಗಷ್ಟೇ ಸೀಮಿತವಲ್ಲ. ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್ ವಾಹಿನಿ 1966ರಿಂದ ಕ್ರಿಸ್‌ಮಸ್ ಹೊತ್ತಿಗೆ ಉರಿಯುವ ಒಲೆಯೊಂದನ್ನು ಗಂಟೆಗಟ್ಟಲೆ ತೋರಿಸುತ್ತಿತ್ತು. ಜಾಹೀರಾತಿಲ್ಲ, ಕಥೆಯಿಲ್ಲ, ಹಿನ್ನೆಲೆಯಲ್ಲಿ ಹಬ್ಬದ ಸಂಗೀತ. 1989ರ ನಂತರ ನಿಲ್ಲಿಸಿದಾಗ ನ್ಯೂಯಾರ್ಕ್, ನ್ಯೂಜೆರ್ಸಿಗಳಿಂದ ಆಕ್ಷೇಪಗಳು ಬಂದವು; 2001ರಲ್ಲಿ ಒಲೆ ಮತ್ತೆ ಹೊತ್ತಿತು.

ರುಡಾಲ್ಫ್ ಚಿತ್ರದ ಪ್ರತಿಕ್ರಿಯೆಯ ದಿಕ್ಕು ಕಾಲದೊಂದಿಗೆ ಬದಲಾಗಿದೆ. 1964ರ ಕಾಗದಗಳ ಚಿಂತೆ ಆಟಿಕೆಗಳದು. ಮಕ್ಕಳಾಗಿ ನೋಡಿದವರು ತಂದೆತಾಯಿಗಳಾಗಿ ಮತ್ತೆ ನೋಡಿದಾಗ ಅವರ ಸಿಟ್ಟು ಸಾಂಟಾನ ಮೇಲೂ ರುಡಾಲ್ಫ್‌ನ ಅಪ್ಪ ಡಾನರ್ ಮೇಲೂ ತಿರುಗಿತು. ಅಪ್ಪ ಮಗನ ಮೂಗಿಗೆ ಮಣ್ಣು ಮೆತ್ತಿ ಮುಚ್ಚುತ್ತಾನೆ. ಆಟ ಕಲಿಸುವ ಮೇಷ್ಟ್ರು ಉಳಿದ ಮರಿಗಳಿಗೆ ಇವನನ್ನು ಸೇರಿಸಬೇಡಿ ಎನ್ನುತ್ತಾನೆ. ಸಾಂಟಾ ಕೂಡ ಮೂಗು ಕಂಡು ಮುಖ ಸಿಂಡರಿಸುತ್ತಾನೆ. ಮಗನನ್ನು ಹುಡುಕಲು ತಾನೂ ಬರುತ್ತೇನೆಂದ ತಾಯಿಗೆ ಅದು ಗಂಡಸರ ಕೆಲಸವೆಂಬ ಉತ್ತರ ಸಿಗುತ್ತದೆ. ಮೇ ಬರೆದ ಪುಸ್ತಕದಲ್ಲಿ ಈ ಕ್ರೌರ್ಯವಿಲ್ಲ. ಅಲ್ಲಿ ರುಡಾಲ್ಫ್ ಸಾಂಟಾನ ಊರಿನವನೇ ಅಲ್ಲ, ಅವನ ತಂದೆತಾಯಿಗೆ ಅವನೆಂದರೆ ಪ್ರೀತಿ. ಕ್ರೌರ್ಯವನ್ನು ಸೇರಿಸಿದವನು ಮುಲ್ಲರ್. ಚಿತ್ರ ಅದನ್ನು ಮೆಚ್ಚುವುದಿಲ್ಲ, ಕಡೆಗೆ ಎಲ್ಲರಿಂದ ಕ್ಷಮೆ ಕೇಳಿಸುತ್ತದೆ ಎಂಬುದು ನಿಜ. ಆದರೆ ಮೂಗು ಉಪಯೋಗಕ್ಕೆ ಬಂದ ಮೇಲಷ್ಟೇ ರುಡಾಲ್ಫ್‌ಗೆ ಸಾಂಟಾನ ಗಾಡಿಯಲ್ಲಿ ಸ್ಥಾನ ಸಿಕ್ಕಿತೆಂಬ ಆಕ್ಷೇಪಕ್ಕೆ ಚಿತ್ರದೊಳಗೆ ಉತ್ತರವಿಲ್ಲ. ಬೇರೆ ಥರದವರಾಗಿ ಬೆಳೆದ ಅನೇಕರು ಇದೇ ಚಿತ್ರದ ಹರ್ಮಿಯಲ್ಲಿ ತಮ್ಮನ್ನು ಕಂಡುಕೊಂಡಿದ್ದಾರೆ ಎಂಬುದೂ ಅಷ್ಟೇ ನಿಜ.

ಚಿತ್ರೀಕರಣಕ್ಕೆ ಬಳಸಿದ ರುಡಾಲ್ಫ್ ಮತ್ತು ಸಾಂಟಾ ಗೊಂಬೆಗಳು ಕಂಪನಿಯ ನೌಕರರೊಬ್ಬರ ಮನೆಯಲ್ಲಿ ಹಬ್ಬದ ಅಲಂಕಾರವಾಗಿ ವರ್ಷಗಟ್ಟಲೆ ಇದ್ದವು. 2020ರ ನವೆಂಬರಿನಲ್ಲಿ ಅವೆರಡು 3,68,000 ಡಾಲರಿಗೆ ಹರಾಜಾದವು. ಈಗ ಅಟ್ಲಾಂಟಾದ ಗೊಂಬೆಯಾಟದ ವಸ್ತುಸಂಗ್ರಹಾಲಯದಲ್ಲಿವೆ. 2014ರಲ್ಲಿ, ಚಿತ್ರಕ್ಕೆ 50 ತುಂಬಿದಾಗ, ಅಮೆರಿಕದ ಅಂಚೆ ಇಲಾಖೆ ರುಡಾಲ್ಫ್, ಹರ್ಮಿ, ಸಾಂಟಾ, ಹಿಮರಾಕ್ಷಸರ ಅಂಚೆಚೀಟಿ ತಂದಿತು. 1972ರಲ್ಲಿ ಸಿಬಿಎಸ್‌ಗೆ ಹೋಗಿದ್ದ ಚಿತ್ರ 2024ರಲ್ಲಿ ಎನ್‌ಬಿಸಿಗೆ ಮರಳಿ, ಮೊದಲ ಪ್ರಸಾರಕ್ಕೆ ಸರಿಯಾಗಿ 60 ವರ್ಷ ತುಂಬಿದ ಡಿಸೆಂಬರ್ 6ರಂದೇ ಬಿತ್ತರವಾಯಿತು.