ಸಾಫ್ಟ್‌ವೇರ್ ಪ್ರಮಾಣೀಕರಣ: ಜಾವಾ ಮತ್ತು ಡಾಟ್‌ನೆಟ್ ಮಾರ್ಗಗಳ ಇತಿಹಾಸ

ಸಾಫ್ಟ್‌ವೇರ್ ಬರೆಯುವವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಪದ್ಧತಿ ಅಮೆರಿಕದಲ್ಲಿ 1962ರಷ್ಟು ಹಿಂದೆಯೇ ಶುರುವಾಯಿತು. ಡೇಟಾ ಪ್ರೊಸೆಸಿಂಗ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಆ ವರ್ಷ ‘ಸರ್ಟಿಫಿಕೇಟ್ ಇನ್ ಡೇಟಾ ಪ್ರೊಸೆಸಿಂಗ್’ ಪರೀಕ್ಷೆಯನ್ನು ಆರಂಭಿಸಿತು. ಲೆಕ್ಕಪರಿಶೋಧಕರಿಗೆ ಇರುವಂಥ ವೃತ್ತಿ ಮನ್ನಣೆ ಕಂಪ್ಯೂಟರ್ ಕೆಲಸಗಾರರಿಗೂ ಸಿಗಲಿ ಎಂಬುದು ಅದರ ಆಶಯ. 1973ರಲ್ಲಿ ಇಂಥ ಪರೀಕ್ಷೆಗಳಿಗಾಗಿಯೇ ಪ್ರತ್ಯೇಕ ಸಂಸ್ಥೆಯೊಂದು ಹುಟ್ಟಿಕೊಂಡಿತು. ಆದರೆ ಈ ಪತ್ರವಿಲ್ಲದೆ ಪ್ರೋಗ್ರಾಂ ಬರೆಯಕೂಡದೆಂದು ಯಾವ ಕಾನೂನೂ ಹೇಳಲಿಲ್ಲ, ಉದ್ಯಮವೂ ಪಟ್ಟು ಹಿಡಿಯಲಿಲ್ಲ. ಭಾರತದಲ್ಲಿ 1990ರಲ್ಲಿ ಬಂದ ಡೋಯೆಕ್ ಎಂಬ ಕಂಪ್ಯೂಟರ್ ಕೋರ್ಸ್ ಯೋಜನೆಯ ‘ಓ’, ‘ಎ’, ‘ಬಿ’, ‘ಸಿ’ ಹಂತಗಳು ಸರ್ಕಾರಿ ನೇಮಕಾತಿಯಲ್ಲಿ ಬೆಲೆ ಪಡೆದವು. ಖಾಸಗಿ ಕಂಪನಿಗಳ ಸಂದರ್ಶನಗಳಲ್ಲಿ ಅವುಗಳ ತೂಕ ಕಡಿಮೆ.

ಹೀಗೆ ತೆರವಾಗಿದ್ದ ಜಾಗಕ್ಕೆ ಉತ್ಪನ್ನ ಮಾರುವ ಕಂಪನಿಗಳು ಬಂದವು. ನೆಟ್‌ವರ್ಕ್ ನಿರ್ವಾಹಕರಿಗಾಗಿ ನಾವೆಲ್ ಕಂಪನಿ 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ದಾರಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಹಿಡಿಯಿತು. 1995ರಲ್ಲಿ ಜಾವಾ ಭಾಷೆಯನ್ನು ಹೊರತಂದ ಸನ್ ಮೈಕ್ರೋಸಿಸ್ಟಮ್ಸ್ ಕೂಡ ಸ್ವಲ್ಪ ಕಾಲದಲ್ಲೇ ಸ್ವಂತ ಪರೀಕ್ಷೆ ಆರಂಭಿಸಿತು. 2002ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆ ಬಿಡುಗಡೆಯಾದ ಮೇಲೆ ಡೆವಲಪರ್‌ಗಳ ಮುಂದೆ ಎರಡು ಸ್ಪಷ್ಟ ದಾರಿಗಳು ನಿಂತವು. ಯಾವುದನ್ನು ಆರಿಸಿಕೊಂಡರೂ ಮುಂದಿನ ಕೆಲವು ವರ್ಷ ಯಾರ ವೇದಿಕೆಯ ಮೇಲೆ ದುಡಿಯಬೇಕು ಎಂಬುದನ್ನು ಅಲ್ಲಿಗೇ ನಿಶ್ಚಯಿಸಿದಂತಾಗುತ್ತಿತ್ತು. ಪರೀಕ್ಷೆಯ ಗುಣಮಟ್ಟ ಆ ಆಯ್ಕೆಯಲ್ಲಿ ಬಹಳ ಹಿಂದೆ ಉಳಿಯುತ್ತಿತ್ತು.

ಎರಡೂ ಮಾರ್ಗಗಳ ಕಟ್ಟುವಿಕೆ ಬೇರೆ ಬೇರೆ. ಸನ್ ಮಾರ್ಗದ ಮೊದಲ ಮೆಟ್ಟಿಲು ‘ಸನ್ ಸರ್ಟಿಫೈಡ್ ಜಾವಾ ಪ್ರೋಗ್ರಾಮರ್’, ಎಲ್ಲರ ಬಾಯಲ್ಲಿ ಎಸ್‌ಸಿಜೆಪಿ. ಒಂದೇ ಪರೀಕ್ಷೆ, ಪೂರ್ತಿ ಭಾಷೆಯ ಮೇಲೆ. ಅದು ಭಾಷೆಯ ಮೂಲೆಮುಡುಕುಗಳನ್ನೆಲ್ಲ ಕೆದಕುತ್ತಿತ್ತು. ಜಾವಾ 5ರಲ್ಲಿ ಎರಡು ‘ಇಂಟಿಜರ್’ ಚರಗಳಿಗೆ ನೇರವಾಗಿ 127 ಎಂದು ಕೊಟ್ಟು ಜೋಡಿ ಸಮಚಿಹ್ನೆಯಿಂದ ಹೋಲಿಸಿದರೆ ಉತ್ತರ ‘ಸರಿ’. 128 ಎಂದು ಕೊಟ್ಟರೆ ‘ತಪ್ಪು’. ಮೈನಸ್ 128ರಿಂದ 127ರವರೆಗಿನ ಸಂಖ್ಯೆಗಳ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಒದಗಿಸುತ್ತದೆ. 128ಕ್ಕೆ ಸಾಮಾನ್ಯವಾಗಿ ಪ್ರತಿ ಸಲ ಹೊಸದೊಂದು ಹುಟ್ಟುತ್ತದೆ. ಜೋಡಿ ಸಮಚಿಹ್ನೆ ನೋಡುವುದು ಎರಡೂ ಒಂದೇ ಆಬ್ಜೆಕ್ಟ್ ಹೌದೇ ಎಂದು, ಬೆಲೆಯನ್ನಲ್ಲ. ಇಂಥ ಪ್ರಶ್ನೆಗಳಿಗೆ ತಯಾರಾಗಲು ಕ್ಯಾಥಿ ಸಿಯೆರಾ ಮತ್ತು ಬರ್ಟ್ ಬೇಟ್ಸ್ ಬರೆದ ದಪ್ಪ ಪುಸ್ತಕವನ್ನು ಭಾರತದಲ್ಲೂ ಬಹಳ ಮಂದಿ ಓದಿದರು. ಆ ಲೇಖಕರು ಪರೀಕ್ಷೆ ರೂಪಿಸಿದ ತಂಡದಲ್ಲೂ ಇದ್ದವರು.

ಎಸ್‌ಸಿಜೆಪಿ ಮುಗಿಸಿದವರು ವೆಬ್ ಘಟಕಗಳ ಪರೀಕ್ಷೆಗೆ ಹೋಗಬಹುದಿತ್ತು, ಇಲ್ಲವೇ ‘ಸರ್ಟಿಫೈಡ್ ಜಾವಾ ಡೆವಲಪರ್’ ಪಟ್ಟಕ್ಕೆ ಪ್ರಯತ್ನಿಸಬಹುದಿತ್ತು. ಈ ಎರಡನೆಯದು ಇಡೀ ಕಾಲದ ಅತ್ಯಂತ ಪ್ರಾಮಾಣಿಕ ಪರೀಕ್ಷೆಗಳಲ್ಲೊಂದು. ಅಭ್ಯರ್ಥಿ ಮನೆಯಲ್ಲಿ ಕೂತು ಪೂರ್ತಿ ಅಪ್ಲಿಕೇಶನ್ ಬರೆದು ಒಪ್ಪಿಸಬೇಕು. ಆಮೇಲೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಹಾಗೇಕೆ ಬರೆದೆ ಎಂಬುದಕ್ಕೆ ಪ್ರಬಂಧ ರೂಪದಲ್ಲಿ ಉತ್ತರಿಸಬೇಕು.

ಮೈಕ್ರೋಸಾಫ್ಟ್ ಕಡೆ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪಟ್ಟ ಕೊಡುವ ಕ್ರಮವಿತ್ತು. ‘ಮೈಕ್ರೋಸಾಫ್ಟ್ ಸರ್ಟಿಫೈಡ್ ಅಪ್ಲಿಕೇಶನ್ ಡೆವಲಪರ್’, ಅಂದರೆ ಎಂಸಿಎಡಿಗೆ ಮೂರು ಪರೀಕ್ಷೆ; ಡಾಟ್‌ನೆಟ್‌ನ ‘ಸಲ್ಯೂಷನ್ ಡೆವಲಪರ್’, ಅಂದರೆ ಎಂಸಿಎಸ್‌ಡಿಗೆ ಐದು. ವಿಂಡೋಸ್ ಅಪ್ಲಿಕೇಶನ್, ವೆಬ್ ಅಪ್ಲಿಕೇಶನ್, ವೆಬ್ ಸರ್ವಿಸ್‌ಗಳಿಗೆ ಬೇರೆ ಬೇರೆ ಪತ್ರಿಕೆಗಳಿದ್ದವು. ಅವುಗಳನ್ನು ಸಿ-ಶಾರ್ಪ್‌ನಲ್ಲಾಗಲಿ ವಿಬಿ ಡಾಟ್‌ನೆಟ್‌ನಲ್ಲಾಗಲಿ ಬರೆಯಬಹುದಿತ್ತು. ಪ್ರಶ್ನೆಗಳು ಭಾಷೆಯ ಸೂಕ್ಷ್ಮಕ್ಕಿಂತ ಉಪಕರಣದ ಬಳಕೆಯ ಕಡೆ ಹೆಚ್ಚು ವಾಲಿದ್ದವು.

ಬೆಂಗಳೂರಿನಲ್ಲಿ ಈ ಆಯ್ಕೆಗೆ ಇನ್ನೊಂದು ಕಾರಣವೂ ಕೂಡಿಕೊಂಡಿತು. ಮೈಕ್ರೋಸಾಫ್ಟ್‌ನ ಪಾಲುದಾರ ದರ್ಜೆ ಪಡೆಯಬೇಕಾದರೆ ಪ್ರಮಾಣೀಕೃತ ನೌಕರರು ಇಷ್ಟು ಮಂದಿ ಇರಲೇಬೇಕೆಂಬ ನಿಯಮವಿತ್ತು. ಆದ್ದರಿಂದ ಸೇವಾ ಕಂಪನಿಗಳಿಗೆ ನೌಕರರ ಪರೀಕ್ಷಾ ಶುಲ್ಕ ತಾವೇ ಭರಿಸುವುದೂ ಲಾಭದ ಬಾಬತ್ತೇ ಆಗಿತ್ತು. ಇನ್ನೂ ಕೆಲಸ ಸಿಗದ ಫ್ರೆಶರ್‌ಗಳು ಎಸ್‌ಸಿಜೆಪಿ ಕಡೆ ಹೋಗುವುದು ಸಹಜವಾಗಿತ್ತು: ಒಂದೇ ಪರೀಕ್ಷೆ, ಒಂದೇ ಶುಲ್ಕ, ರೆಸ್ಯೂಮೆಯಲ್ಲಿ ತೋರಿಸಲು ಒಂದು ಸಾಲು. ಬಿಟಿಎಂ ಬಡಾವಣೆ, ಮಾರತ್ತಹಳ್ಳಿಯ ತರಬೇತಿ ಕೇಂದ್ರಗಳಿಗೆ ಅವರೇ ಆಧಾರ. ಸೋರಿಕೆಯಾದ ಪ್ರಶ್ನೆಗಳ ಕಟ್ಟು, ಅಂದರೆ ‘ಡಂಪ್ಸ್’, ಎರಡೂ ಮಾರ್ಗಗಳನ್ನು ಕೆಡಿಸಿತು. ಉತ್ತರ ಬಾಯಿಪಾಠ ಮಾಡಿ ಪಾಸಾದವರಿಂದಾಗಿ ನಿಜವಾಗಿ ಕಲಿತವರ ಪತ್ರದ ಬೆಲೆಯೂ ಇಳಿಯಿತು. ಇದು ಈ ಇತಿಹಾಸದ ದೊಡ್ಡ ಅನ್ಯಾಯ.

ಕಂಪನಿಗಳ ಹಂಗಿಲ್ಲದ ಪ್ರಯತ್ನಗಳೂ ನಡೆದವು. ಐಇಇಇ ಕಂಪ್ಯೂಟರ್ ಸೊಸೈಟಿ 2002ರಲ್ಲಿ ಇಂಥ ಪ್ರಮಾಣಪತ್ರವನ್ನು ತಂದಿತು. ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಪರವಾನಗಿ ಪರೀಕ್ಷೆ 2013ರಲ್ಲಿ ಶುರುವಾಗಿ, ಐದು ಬಾರಿಗೆ ಒಟ್ಟು 81 ಮಂದಿಯಷ್ಟೇ ಕೂತದ್ದರಿಂದ 2019ರಲ್ಲಿ ನಿಂತಿತು.

2010ರ ಜನವರಿಯಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು, ಎಸ್‌ಸಿಜೆಪಿ ಹೆಸರೂ ಹೋಯಿತು. ಮರುವರ್ಷ ಡೆವಲಪರ್ ಮತ್ತು ಆರ್ಕಿಟೆಕ್ಟ್ ಪಟ್ಟಗಳಿಗೆ ದುಬಾರಿ ತರಬೇತಿಯನ್ನು ಕಡ್ಡಾಯ ಮಾಡಿದ್ದರಿಂದ ಸ್ವಂತವಾಗಿ ಓದಿ ಬರೆಯುವವರು ದೂರ ಸರಿದರು. ಜಾವಾ 7ರ ಹೊತ್ತಿಗೆ ಆ ಒಂದು ಪರೀಕ್ಷೆ ‘ಅಸೋಸಿಯೇಟ್’, ‘ಪ್ರೊಫೆಷನಲ್’ ಎಂದು ಎರಡಾಯಿತು. ಜಾವಾ 11ರ ಕಾಲದಲ್ಲಿ, 2020ರಲ್ಲಿ, ಮತ್ತೆ ಒಂದಾಯಿತು. ಮೈಕ್ರೋಸಾಫ್ಟ್ ತನ್ನ ಪಟ್ಟಗಳನ್ನು ಇನ್ನೂ ಹೆಚ್ಚು ಸಲ ಬದಲಿಸಿತು. ‘ಪ್ರೊಫೆಷನಲ್ ಡೆವಲಪರ್’ ಪಟ್ಟವಾದ ಎಂಸಿಪಿಡಿ ಬಂದು ಹೋಯಿತು, ಎಂಸಿಎಸ್‌ಡಿ ಹೊಸ ಅರ್ಥದಲ್ಲಿ ಮರಳಿತು, 2021ರ ಜನವರಿ 31ರಂದು ಅದೂ ಮುಗಿಯಿತು.

ಅಷ್ಟರಲ್ಲಿ ಪೈಪೋಟಿ ಕ್ಲೌಡ್‌ಗೆ ಸರಿದಿತ್ತು. ಅಮೆಜಾನ್ ವೆಬ್ ಸರ್ವಿಸಸ್ 2013ರಲ್ಲಿ ಪ್ರಮಾಣೀಕರಣ ಆರಂಭಿಸಿತು. ಅದರ ಪತ್ರಗಳ ಅವಧಿ ಈಗ ಮೂರು ವರ್ಷ. ಮೈಕ್ರೋಸಾಫ್ಟ್ ಅಜೂರ್‌ನ ಡೆವಲಪರ್ ಪತ್ರಕ್ಕೆ ಒಂದೇ ವರ್ಷದ ಆಯಸ್ಸು, ನವೀಕರಣಕ್ಕೆ ಉಚಿತ ಆನ್‌ಲೈನ್ ಪರೀಕ್ಷೆ. ಸನ್ ಕೊಟ್ಟ ಹಳೆಯ ಪತ್ರಗಳಿಗೆ ಅವಧಿಯೇ ಇರಲಿಲ್ಲ. ಜಾವಾದ ಯಾವ ಆವೃತ್ತಿಗೆ ಪಡೆದದ್ದೆಂದು ಮಾತ್ರ ಅವುಗಳ ಮೇಲೆ ಇರುತ್ತಿತ್ತು.