ಮುಖವಾಡದ ಚಳವಳಿ

ನಮ್ಮ ಮಂಡ್ಯ ಜಿಲ್ಲೆಗೆ ಚಳವಳಿ ಹೊಸತಲ್ಲ. ಕಬ್ಬಿನ ಬೆಲೆಗಾಗಿ, ಕಾವೇರಿ ನೀರಿಗಾಗಿ ರಸ್ತೆಗಿಳಿದವರನ್ನು ಮಾಕವಳ್ಳಿಯ ಕಡೆ ಚಿಕ್ಕಂದಿನಿಂದ ನೋಡಿದ್ದೇನೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧ ಮುರಿದು ಬಾವುಟ ಹಾರಿಸಿ, ಎಲ್ಲರೆದುರೇ ದಸ್ತಗಿರಿಯಾದರು. ಚಳವಳಿಯೆಂದರೆ ನನಗೆ ಹೀಗೆ ಎದುರಿಗೆ ಬಂದು ನಿಲ್ಲುವುದು.

ಕಂಪ್ಯೂಟರಿನ ಚಳವಳಿಗಾರರ ರೀತಿಯೇ ಬೇರೆ. 1998ರ ಮೇ ತಿಂಗಳಲ್ಲಿ ಪೋಖ್ರಾನಿನ ಅಣು ಪರೀಕ್ಷೆ ನಡೆಯಿತಷ್ಟೆ. ಮರುತಿಂಗಳೇ ಮಿಲ್ವರ್ಮ್ ಎಂಬ ಗುಂಪಿನ ಹುಡುಗರು, ಇನ್ನೂ ಮೀಸೆ ಚಿಗುರುವ ವಯಸ್ಸಿನವರು, ದೂರ ದೇಶಗಳಲ್ಲಿ ಕುಳಿತು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪ್ಯೂಟರುಗಳಿಗೆ ನುಗ್ಗಿದರು. ಪತ್ರಗಳನ್ನು ಹೊತ್ತೊಯ್ದರು, ಜಾಲತಾಣದ ಮುಖಪುಟದ ಮೇಲೆ ಅಣಬೆಯಾಕಾರದ ಹೊಗೆಯ ಚಿತ್ರ ಅಂಟಿಸಿದರು. ಅಣ್ವಸ್ತ್ರ ಬೇಡ ಎಂಬುದು ಅವರ ಮಾತು. ಮಾತೇನೋ ಒಳ್ಳೆಯದೇ. ಅದನ್ನು ಹೇಳಲು ಪರರ ಮನೆಯ ಟ್ರಂಕು ತೆರೆಯಬೇಕಿತ್ತೇ?

2012ರ ಮೇ ತಿಂಗಳಲ್ಲಿ ಅನಾನಿಮಸ್ ಎಂಬ ಗುಂಪು ಕೆಲವು ಜಾಲತಾಣಗಳನ್ನು ತಡೆದರೆಂಬ ಸಿಟ್ಟಿಗೆ ಸುಪ್ರೀಂ ಕೋರ್ಟಿನ ತಾಣಕ್ಕೇ ಮುತ್ತಿಗೆ ಹಾಕಿತು. ಇಲ್ಲಿ ಬೀಗ ಒಡೆಯುವ ಕೆಲಸವಿಲ್ಲ. ಲೆಕ್ಕವಿಲ್ಲದಷ್ಟು ಯಂತ್ರಗಳಿಂದ ಒಮ್ಮೆಲೇ ಕೋರಿಕೆ ಕಳಿಸಿ ತಾಣವನ್ನು ಉಸಿರು ಕಟ್ಟಿಸುವುದು. ಸೊಸೈಟಿ ಮುಂದೆ ಏನೂ ಬೇಡದವರೆಲ್ಲ ಸಾಲು ನಿಂತು, ಅಕ್ಕಿ ಬೇಕಾದವಳನ್ನು ಬರಿ ಚೀಲದೊಡನೆ ಮನೆಗೆ ಕಳಿಸಿದ ಹಾಗೆ! ಜೂನ್ 9ರಂದು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಈ ಗುಂಪಿನ ಕರೆಗೆ ಜನ ಬೀದಿಗೂ ಬಂದರು, ಮುಖವಾಡ ತೊಟ್ಟು.

ಇದು ದೊಡ್ಡವರ ಜಗಳ, ನಮಗೇನು ಎನ್ನುವಂತಿಲ್ಲ. ಈ ಶತಮಾನದ ಆರಂಭದಲ್ಲೇ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ಬೆಳೆಸಾಲಕ್ಕೆ ಪಹಣಿ ಬೇಕೆಂದು ಮಾಕವಳ್ಳಿಯಿಂದ ಕೆ.ಆರ್. ಪೇಟೆಗೆ ಬಸ್ಸು ಹತ್ತಿದ ಹೆಂಗಸಿಗೆ ಅಂದೇ ಇಂಥ ಮುತ್ತಿಗೆಯಾದರೆ, ಯಾರ ಸಿದ್ಧಾಂತ ಏನೆಂದು ತಿಳಿದು ಆಗಬೇಕಾದ್ದೇನು? ದಿನದ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು.

ಕಾಯುವ ಉಪಾಯಗಳು ಮನೆವಾರ್ತೆ ಬಲ್ಲವರಿಗೆ ಅಪರಿಚಿತವಲ್ಲ. ಒಂದೇ ಕಡೆಯಿಂದ ಮೇಲಿಂದ ಮೇಲೆ ಬರುವ ಕೋರಿಕೆಗಳಿಗೆ ಮಿತಿ ಹಾಕುತ್ತಾರೆ. ಸುಲಭದ ಗುಪ್ತಪದ ಇಡಬಾರದು. ಬಿರುಕು ಕಂಡ ಕೂಡಲೇ ಮುಚ್ಚಬೇಕು. ಇನ್ನೊಂದು ಮೋಸ ಬಲು ಸೊಗಸಾದದ್ದು, 1998ರಿಂದಲೇ ಬಲ್ಲವರಿಗೆ ಗೊತ್ತಿದ್ದದ್ದು: ಅರ್ಜಿಯಲ್ಲಿ ಹೆಸರು ಬರೆಯುವ ಜಾಗದಲ್ಲಿ 'ಕಪಾಟಿನ ಕಡತವೆಲ್ಲ ಕೊಡು' ಎಂದು ಬರೆಯುವುದು. ದಡ್ಡ ಗುಮಾಸ್ತನಂಥ ಯಂತ್ರ ಅದನ್ನು ಅಪ್ಪಣೆಯೆಂದು ತಿಳಿದು ಕೊಟ್ಟೇಬಿಡುತ್ತದೆ. ಹೆಸರಿನ ಜಾಗದಲ್ಲಿ ಏನೇ ಬರೆದಿರಲಿ, ಬರೀ ಹೆಸರೆಂದೇ ಓದಿಕೋ ಎಂದು ಅದಕ್ಕೆ ಮೊದಲೇ ಕಲಿಸಿರಬೇಕು. ಇಷ್ಟರ ಮೇಲೆ ಕಡತಗಳ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಬೇಕು. ಬಿತ್ತನೆ ರಾಗಿಯನ್ನು ನಮ್ಮಜ್ಜಿಯೂ ಒಂದೇ ವಾಡೆಗೆ ತುಂಬುತ್ತಿರಲಿಲ್ಲ.