ಪಣವಿಲ್ಲದ ಆಟ

ಕಳೆದ ಬೇಸಿಗೆಯಲ್ಲಿ ಊರಿನ ನಮ್ಮ ಹಳೆಯ ಮನೆಯನ್ನು ತೆರವು ಮಾಡುತ್ತಿದ್ದಾಗ ಅಟ್ಟದ ಮೂಲೆಯಿಂದ ಒಂದು ಅಳಗುಳಿ ಮಣೆ ಇಳಿದು ಬಂತು. ಹಲಸಿನ ಮರದ್ದು. ಈ ಮಗ್ಗುಲಿಗೆ ಏಳು, ಆ ಮಗ್ಗುಲಿಗೆ ಏಳು, ಒಟ್ಟು ಹದಿನಾಲ್ಕು ಗುಳಿಗಳು. ಮಣೆಯ ಅಂಚು ಒರಟಾಗಿದ್ದರೂ ಗುಳಿಗಳ ಒಳಮೈ ಮಾತ್ರ ಬೆರಳು ತಾಗಿ ತಾಗಿ ನುಣುಪಾಗಿತ್ತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು, “ಅಪ್ಪ, ಇದರಲ್ಲಿ ಗೆದ್ದರೆ ಏನು ಸಿಗುತ್ತೆ?” ಎಂದು ಕೇಳಿದಳು. ಏನೂ ಸಿಗುವುದಿಲ್ಲವೆಂದೆ. “ಮತ್ತೆ ಯಾಕೆ ಆಡ್ತಾ ಇದ್ರಿ?” ಎಂದಳು.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡು ಬಂದವನು ನಾನು. ಜೂಜಿನ ಪ್ರಸಂಗವನ್ನು ಎಷ್ಟು ಸಲ ವಿವರಿಸಿದ್ದೇನೆಯೋ ಲೆಕ್ಕವಿಲ್ಲ. ಆದರೂ ಈ ಚಿಕ್ಕ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಯೋಚಿಸುತ್ತ ಹೋದಂತೆ ನಮ್ಮ ಪುಸ್ತಕಗಳು ಗೆದ್ದರೆ ಏನಾದರೂ ಸಿಗುವ ಆಟವನ್ನು ಕುರಿತು ಹೇಳಿರುವಷ್ಟನ್ನು, ಏನೂ ಸಿಗದ ಆಟವನ್ನು ಕುರಿತು ಹೇಳಿಲ್ಲವೆಂಬುದು ಮನಸ್ಸಿಗೆ ಬಂತು.

ನಮ್ಮ ದೇಶದಲ್ಲಿ ಆಟದ ಇತಿಹಾಸ ಬಹು ಹಳೆಯದು. ಮೊಹೆಂಜೊದಾರೋ, ಹರಪ್ಪಗಳ ಮಣ್ಣಿನಲ್ಲಿಯೇ ಆರು ಮುಖದ ದಾಳಗಳು ದೊರೆತಿವೆ. ಆದರೆ ಸಾಹಿತ್ಯಕ್ಕೆ ಕಾಲಿಡುವಾಗ ಆಟವು ಅಪಕೀರ್ತಿಯನ್ನು ಹೊತ್ತುಕೊಂಡೇ ಬರುತ್ತದೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಒಬ್ಬ ಜೂಜುಗಾರನ ಅಳಲು. ತಾರೆಯ ಕಾಯಿಗಳನ್ನು ಉರುಳಿಸಿ ಆಡಿ ಮನೆಮಠ ಕಳೆದುಕೊಂಡವನು ಆತ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ. ಕೊನೆಗೆ ಅವನಿಗೆ ಸಿಗುವ ಬುದ್ಧಿಮಾತು, ಜೂಜು ಬಿಟ್ಟು ಹೊಲ ಉಳು ಎಂಬುದು. ಭಾರತದ ಕಥೆಯಂತೂ ಸರಿಯೇ ಸರಿ. ಧರ್ಮರಾಯನಂಥವನೇ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕಡೆಗೆ ದ್ರೌಪದಿಯನ್ನೂ ಒಡ್ಡಿ ಸೋತ. ಕೌಟಿಲ್ಯನಿಗೆ ಇದರಲ್ಲಿ ಧರ್ಮಸಂಕಟವೇನೂ ಕಾಣಲಿಲ್ಲ. 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅವರಿಂದಲೇ ಮೈಸೂರಿನಲ್ಲಿ ಅಚ್ಚಾದ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ, ಅಲ್ಲಿ ಜೂಜಿನ ಮೇಲ್ವಿಚಾರಣೆಗೆ ಒಬ್ಬ ಅಧ್ಯಕ್ಷನಿದ್ದಾನೆ. ಆಟ ಒಂದೇ ಜಾಗದಲ್ಲಿ ನಡೆಯಬೇಕು, ದಾಳ ಸರ್ಕಾರದ್ದಾಗಿರಬೇಕು, ಗೆದ್ದವನಿಂದ ನೂರಕ್ಕೆ 5ರಂತೆ ಬೊಕ್ಕಸಕ್ಕೆ ಸಲ್ಲಬೇಕು. ಹೀಗೆ ಆಟವೆಂದರೆ ಕವಿಗೆ ಅನರ್ಥ, ಮಂತ್ರಿಗೆ ಆದಾಯ.

ಈ ದಾರಿಯಿಂದ ಸ್ವಲ್ಪ ಅತ್ತ ಸರಿದು ಆಟವನ್ನು ಸಂತೋಷವೆಂದೇ ನೋಡಿದವನು ನಮ್ಮ ಕಲ್ಯಾಣದ ಚಾಳುಕ್ಯ ದೊರೆ, ಸರ್ವಜ್ಞ ಚಕ್ರವರ್ತಿಯೆನಿಸಿದ ಮೂರನೆಯ ಸೋಮೇಶ್ವರ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಅವುಗಳಲ್ಲಿ ನಾಲ್ಕನೆಯದು ವಿನೋದಕ್ಕೆ, ಐದನೆಯದು ಕ್ರೀಡೆಗೆ ಮೀಸಲು. ಎಂದರೆ ರಾಜನೀತಿಯಿಂದ ಹಿಡಿದು ಅಡಿಗೆಯವರೆಗೆ ಎಲ್ಲವನ್ನೂ ಹೇಳಹೊರಟ ಗ್ರಂಥದಲ್ಲಿ ಐದರಲ್ಲಿ ಎರಡು ಪಾಲು ವಿಭಾಗಗಳು ನಲಿವಿಗೇ ಸಂದಿವೆ. ಚದುರಂಗ, ಪಗಡೆ, ಕವಡೆಯಾಟ, ಒಗಟು ಬಿಡಿಸುವುದು, ಉಯ್ಯಾಲೆ, ಮರಳಿನಲ್ಲಿ ಆಡುವುದು, ಬೆಳುದಿಂಗಳಲ್ಲಿ ಆಡುವುದು, ಕತ್ತಲಲ್ಲಿ ಆಡುವುದು, ಇವೆಲ್ಲ ಆ ಕ್ರೀಡೆಗಳ ಪಟ್ಟಿಯಲ್ಲಿವೆ. ಬೆಳುದಿಂಗಳಲ್ಲಿ ಆಡುವುದಕ್ಕೂ ಒಂದು ಅಧ್ಯಾಯವುಂಟು ಎಂದಾಗ ತರಗತಿಯಲ್ಲಿ ಹುಡುಗರು ತಲೆಯೆತ್ತಿ ನೋಡುತ್ತಾರೆ. ಆದರೆ ಇದೂ ಅರಮನೆಯ ಬೆಳುದಿಂಗಳೇ.

ಸಾಮಾನ್ಯ ಜನರ ಆಟವನ್ನು ಕಾಣಬೇಕಾದರೆ ತಾಳೆಗರಿಯನ್ನು ಬಿಟ್ಟು ಕಲ್ಲಿನ ಬಳಿಗೆ ಹೋಗಬೇಕು. ಹಂಪಿಗೆ ಹೋದವರೆಲ್ಲ ಕಂಬಗಳನ್ನೂ ಗೋಪುರಗಳನ್ನೂ ತಲೆಯೆತ್ತಿ ನೋಡುವುದು ರೂಢಿ. ಒಂದು ಸಲ ತಲೆ ತಗ್ಗಿಸಿ ನೋಡಿರಿ. ಮಂಟಪದ ನೆಲಹಾಸಿನ ಮೇಲೆ, ಜಗಲಿಯ ಅಂಚಿನಲ್ಲಿ, ದಾರಿಯ ಪಕ್ಕದ ಬಂಡೆಯ ಮೇಲೆ ಗೆರೆಗಳು ಕಾಣುತ್ತವೆ. ಕೆಲವು ಆಡುಹುಲಿ ಆಟದ ಮುಕ್ಕೋನ, ಕೆಲವು ಚೌಕದ ಮನೆಗಳು, ಕೆಲವು ಸಾಲು ಗುಳಿಗಳು. ಸಂಶೋಧಕರು ಇಂಥ ನೂರಾರು ಮಣೆಗಳನ್ನು ಆ ಹಾಳೂರಿನಲ್ಲಿ ಗುರುತಿಸಿದ್ದಾರೆ. ಇವನ್ನು ಯಾವ ದೊರೆಯೂ ಕೊರೆಯಿಸಿದ್ದಲ್ಲ. ಇವುಗಳ ಪಕ್ಕದಲ್ಲಿ ಶಾಸನವಿಲ್ಲ. ಕಾವಲಿನವನೋ ಸಂತೆಗೆ ಬಂದವನೋ ದೇವರ ದರ್ಶನಕ್ಕೆ ಕಾದವನೋ, ಯಾರೆಂದು ಹೇಳಲಾಗದು. ಆದರೆ ಎರಡು ಮಾತು ಖಂಡಿತ. ಕೊರೆದವನಿಗೆ ಬಿಡುವಿತ್ತು, ಎದುರಿಗೆ ಕೂರಲು ಇನ್ನೊಬ್ಬನಿದ್ದ.

ಆಡುಹುಲಿ ಆಟದಲ್ಲಿ ಸಾಮಾನ್ಯವಾಗಿ ಹುಲಿ ಮೂರು, ಆಡು ಹದಿನೈದು. ಹುಲಿ ಆಡನ್ನು ಹಾರಿ ತಿನ್ನಬಹುದು. ಆಡಿಗೆ ತಿನ್ನುವ ಶಕ್ತಿಯಿಲ್ಲ. ಒಟ್ಟುಗೂಡಿ ಹುಲಿಯ ದಾರಿಗಳನ್ನು ಕಟ್ಟುವುದೊಂದೇ ಅದಕ್ಕಿರುವ ಉಪಾಯ. ಎರಡು ಪಕ್ಷಕ್ಕೂ ಸಮಬಲ ಕೊಟ್ಟು ರಾಜಮಂತ್ರಿಗಳನ್ನು ಎದುರುಬದುರು ನಿಲ್ಲಿಸುವುದು ಚದುರಂಗ. ದನಕಾಯುವ ಹುಡುಗರು ಬಂಡೆಯ ಮೇಲೆ ಆಡಿದ ಈ ಆಟ ಹಾಗಲ್ಲ. ಜಗತ್ತಿನಲ್ಲಿ ಬಲ ಸಮನಾಗಿ ಹಂಚಿಕೆಯಾಗಿಲ್ಲವೆಂಬುದನ್ನು ಬಲ್ಲವರು ಕಟ್ಟಿದ ಆಟ ಅದು.

ಮನೆಯೊಳಗೆ ಬಂದರೆ ಚೌಕಾಬಾರ. ಗಾರೆಯ ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಐದೈದು ಸಾಲಿನ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗೂ ಒಳಗಿನ ನಡುಮನೆಗೂ ಅಡ್ಡಗೆರೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಕವಡೆ ನಾಲ್ಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಎರಡಕ್ಕೂ ಮತ್ತೊಂದು ಗರ ಹಾಕುವ ಅವಕಾಶ. ಕವಡೆಯಿಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಂಡರಾಯಿತು. ಕಾಯಿ ಹೊರಸುತ್ತು ಹಾಯ್ದು ಒಳಸುತ್ತು ಸೇರಿ ನಡುಮನೆ ಮುಟ್ಟಿದರೆ ಅದು ‘ಹಣ್ಣಾಯಿತು’ ಎನ್ನುತ್ತಾರೆ. ಎಷ್ಟು ಸೊಗಸಾದ ಮಾತು! ಯುದ್ಧದ ಭಾಷೆಯಲ್ಲಿ ಗೆಲುವೆನ್ನುವುದನ್ನು ನಮ್ಮ ಹೆಂಗಸರು ಹಿತ್ತಲಿನ ಭಾಷೆಗೆ ತಂದುಕೊಂಡರು. ಆದರೆ ಒಂದು ಕಟ್ಟಳೆಯುಂಟು: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂದು ಬಹಳ ಮನೆಗಳಲ್ಲಿ ಹೇಳುತ್ತಾರೆ. ಊಟ ಬಡಿಸಿದ ಕೈಯೇ ಮಧ್ಯಾಹ್ನ ನಾದಿನಿಯ ಕಾಯಿಯನ್ನು ನಿರ್ದಾಕ್ಷಿಣ್ಯವಾಗಿ ಹೊಡೆದು ಹೊರಗಟ್ಟುತ್ತಿತ್ತು. ಬಾಯಲ್ಲಿ ಆಡಲಾರದ ಎಷ್ಟು ಮಾತುಗಳು ಆ ಇಪ್ಪತ್ತೈದು ಮನೆಗಳಲ್ಲಿ ಇತ್ಯರ್ಥವಾಗಿ ಹೋಗಿದ್ದವೋ!

ಆಟ ಬರಿಯ ನಲಿವಲ್ಲವೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ತುಳುನಾಡಿನವರು. ಅಲ್ಲಿ ಅಳಗುಳಿ ಮಣೆಯನ್ನು ಚೆನ್ನೆಮಣೆಯೆನ್ನುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗಿನ ಕೆಲಸ ನಿಂತಾಗ ಅದು ಅಟ್ಟದಿಂದ ಇಳಿಯುತ್ತದೆ. ಆದರೆ ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂದು ನಂಬಿಕೆ. ಕಾರಣ ಸಿರಿಯ ಪಾಡ್ದನದಲ್ಲಿದೆ. ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡಲು ಕೂಡುತ್ತಾರೆ. ಆಟ ಜಗಳವಾಗುತ್ತದೆ. ಸಿಟ್ಟಿನಲ್ಲಿ ಅಬ್ಬಗ ಮಣೆಯೆತ್ತಿ ಹೊಡೆಯುತ್ತಾಳೆ, ದಾರಗ ಸಾಯುತ್ತಾಳೆ. ತಂಗಿಯಿಲ್ಲದ ಬಾಳು ಬೇಡವೆಂದು ಅಬ್ಬಗ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಕಾವ್ಯ 1998ರಲ್ಲಿ 15,683 ಸಾಲುಗಳ ಗ್ರಂಥವಾಗಿ ಪ್ರಕಟವಾಯಿತು. ಭಾರತದ ಜೂಜಿನಲ್ಲಿ ಪಣವಾದದ್ದು ರಾಜ್ಯ. ಇಲ್ಲಿ ಪಣವೇ ಇಲ್ಲ. ಆದರೂ ಎರಡು ಜೀವ ಹೋದವು. ಪಣವಿಲ್ಲದ ಆಟದಲ್ಲಿ ಕಳೆದುಕೊಳ್ಳುವುದೇನೂ ಇರುವುದಿಲ್ಲವೆಂದು ನಾನು ಮಗಳಿಗೆ ಹೇಳಿದ್ದು ಅಷ್ಟು ಸರಿಯಲ್ಲವೆಂದು ಆಗ ಅನ್ನಿಸಿತು.

ಇನ್ನೊಂದು ಬಗೆಯ ಆಟಗಾರನನ್ನೂ ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ, ಐದು ವರ್ಷದ ಬಾಲಕನಾಗಿ ಸಿಂಹಾಸನವೇರಿದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಅವರು ದೊರೆಯೆನಿಸಿಕೊಂಡೇ ಇದ್ದರು, ಆಳಲಿಲ್ಲ. ಆ ಅರಸರು ಕವಿಗಳನ್ನು ಪೋಷಿಸಿದರು, ‘ಶ್ರೀತತ್ತ್ವನಿಧಿ’ಯನ್ನು ಸಿದ್ಧಪಡಿಸಿದರು, ಆಟಗಳನ್ನು ಕಟ್ಟಿದರು. ಆ ಗ್ರಂಥದ ಕೊನೆಯ ನಿಧಿಯಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಹಲವು ಹೊಸ ಬಗೆಗಳಿವೆ. ಮೊಗಲರ ಕಟ್ಟಿನಲ್ಲಿ 96, ದಶಾವತಾರದ ಕಟ್ಟಿನಲ್ಲಿ 120 ಎಲೆಗಳಿದ್ದರೆ, ಅರಸರು ಕಲ್ಪಿಸಿದ ಚಾಮುಂಡೇಶ್ವರಿಯ ಕಟ್ಟಿನಲ್ಲಿ 320. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಮಣೆಗಳ ಚಿತ್ರಗಳನ್ನು ನೋಡಬಹುದು. ಅವರಿಗೆ ಬಹಳ ಪ್ರಿಯವಾದದ್ದು ಕುದುರೆಯ ನಡೆ: ಚದುರಂಗದ ಒಂದು ಕುದುರೆ, ಯಾವ ಮನೆಯನ್ನೂ ಎರಡನೆಯ ಬಾರಿ ಮೆಟ್ಟದೆ, 64 ಮನೆಗಳನ್ನೂ ಸುತ್ತಿ ಬರಬೇಕು. ಇದಕ್ಕೆ ಎದುರಾಳಿ ಬೇಕಿಲ್ಲ. ರಾಜ್ಯವಿಲ್ಲದ ರಾಜ ಒಬ್ಬನೇ ಕೂತು, ಇಡೀ ಭೂಮಿಯನ್ನು ಒಂದೊಂದು ಮನೆಯಾಗಿ ಸುತ್ತುವ ಆಟ ಅದು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಪಚ್ಚೀಸಿ ಕಡಲು ದಾಟಿ ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ನೋಂದಾಯಿತವಾಯಿತು; ಪಾಪಪುಣ್ಯಗಳ ಲೆಕ್ಕ ಹೇಳುತ್ತಿದ್ದ ಪರಮಪದದ ಪಟ ಹಾವು ಏಣಿಯಾಯಿತು. ಎರಡೂ ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಅಂಗಡಿಗಳಿಗೆ ಮರಳಿ ಬಂದವು. ಈಗ ಮೊಬೈಲಿನ ಗಾಜಿನೊಳಗೂ ಕೂತಿವೆ.

ಇಷ್ಟು ಬರೆದ ಮೇಲೆ ಮಣೆಯ ಒಡತಿಯನ್ನು ಕುರಿತು ಹೇಳದಿರುವುದು ಸರಿಯಾಗದು. ಆಕೆ ನಮ್ಮ ತಂದೆಯ ಸೋದರತ್ತೆ. ಮನೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಅತ್ತೆಯೇ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಮತ್ತೆ ಆ ಹೊಸ್ತಿಲು ದಾಟಿ ಬದುಕು ಕಟ್ಟಲಿಲ್ಲ. ಮದುವೆ ಮುಂಜಿಗಳಲ್ಲಿ ಅಡಿಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಹೂವು, ಕುಂಕುಮ, ಆರತಿ ಎಲ್ಲಕ್ಕೂ ನಿಷೇಧವಿತ್ತು. ಅಳಗುಳಿ ಮಣೆಗೆ ಮಾತ್ರ ನಿಷೇಧ ಹೇರುವುದನ್ನು ಶಾಸ್ತ್ರ ಬಲ್ಲವರು ಮರೆತಿದ್ದರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕೆಂಪು ಸೀರೆಯ ಸೆರಗು ಸರಿಪಡಿಸಿಕೊಂಡು ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಯಾರೂ ಇಲ್ಲದಾಗ ಒಬ್ಬರೇ ಆಡುತ್ತಿದ್ದರು. ಅಶೋಕವನದಲ್ಲಿ ಸೀತೆ ಆಡಿದ್ದೆಂದು ಅದಕ್ಕೆ ಸೀತೆಯ ಆಟವೆಂದು ಹೆಸರು. ಶಾಲೆಯಿಂದ ನಾವು ಬಂದರೆ ಮುಖವರಳುತ್ತಿತ್ತು. ಗುಳಿಯಲ್ಲಿನ ಬೀಜವನ್ನು ಕಣ್ಣಳತೆಯಲ್ಲೇ ಎಣಿಸಿ, ಹಂಚುತ್ತ ಹೋದರೆ ಕೈ ಎಲ್ಲಿ ನಿಲ್ಲುವುದೆಂದು ಬಲ್ಲವರು ಅವರು. ಅಂಥವರನ್ನು ದಿನವೂ ನಾನು ಸೋಲಿಸುತ್ತಿದ್ದೆ! ನನಗೆ ಸುಮಾರು ಹತ್ತು ವರ್ಷವಾಗಿದ್ದಾಗ ಒಂದು ದಿನ ನೋಡಿದೆ: ಅವರ ಕೈ, ಎಲ್ಲಕ್ಕಿಂತ ದೊಡ್ಡ ಗಂಟು ತರುವ ಗುಳಿಯ ಮೇಲೆ ಒಂದು ಕ್ಷಣ ನಿಂತು, ಪಕ್ಕದ ಗುಳಿಗೆ ಸರಿಯಿತು. ನಾನು ಗೆದ್ದೆ. ನೋಡಿದೆನೆಂದು ಹೇಳಲಿಲ್ಲ.

ಹೈಸ್ಕೂಲಿಗೆ ಬಂದ ಮೇಲೆ ಟೆಲಿವಿಷನ್ನಿನಲ್ಲಿ ಕ್ರಿಕೆಟ್ ಬಂತು, ಪರೀಕ್ಷೆಗಳು ಬಂದವು. “ಒಂದು ಆಟ ಆಡ್ತೀಯೇನೋ?” ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಓದುವುದಿದೆಯೆನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಬೀಜಗಳು ಒಂದೊಂದಾಗಿ ಗುಳಿಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಸೀತೆಯ ಆಟ. ನಾನು ಬಿ.ಎ. ಓದುತ್ತಿದ್ದಾಗ ಅವರು ತೀರಿಕೊಂಡರು. ಮಣೆ ಅಟ್ಟಕ್ಕೆ ಹೋಯಿತು.

ಮೊನ್ನೆ ಹುಣಸೆ ಬೀಜ ತೊಳೆದು ಒಣಗಿಸಿ ಮಗಳೊಡನೆ ಕೂತೆ. ಕಟ್ಟಳೆಗಳಲ್ಲಿ ಅರ್ಧ ನೆನಪಿದ್ದವು, ಅರ್ಧವನ್ನು ಇಬ್ಬರೂ ಸೇರಿ ಮಾಡಿಕೊಂಡೆವು. ಮೂರನೆಯ ಆಟದಲ್ಲಿ ಒಂದು ದೊಡ್ಡ ಗುಳಿಯ ಮೇಲೆ ಹೋದ ನನ್ನ ಕೈ ತಾನಾಗಿ ಪಕ್ಕಕ್ಕೆ ಸರಿಯಿತು. ಅವಳು ಗೆದ್ದಳು. ಬೀಜ ಬಳಿದುಕೊಳ್ಳುತ್ತ, “ನೀವು ಬೇಕೂಂತ ಸೋತ್ರಿ” ಎಂದಳು.

ಇಲ್ಲವೆಂದೆ. ನಂಬಲಿಲ್ಲ. “ಇನ್ನೊಂದು ಆಟ. ಈ ಸಲ ಸರಿಯಾಗಿ ಆಡಿ” ಎಂದು ಗುಳಿಗಳಿಗೆ ಬೀಜ ತುಂಬತೊಡಗಿದಳು.